ಹೆಲ್ಮೆಟ್ಟಿನೊಳಗಿನ ಐದು ಚೀಟಿ

“ಬರೀರಿ,” ಎಂದಳು ಭೂತಗನ್ನಡಿ.

ಯಾರೂ ಪೆನ್ನು ಮುಟ್ಟಲಿಲ್ಲ.

ಲಿಫ್ಟ್ ರಿಪೇರಿ ಕಂಪನಿಯ ಹಿಂದಿನ ಕೋಣೆ ಅದು. ಗೋಡೆಯುದ್ದಕ್ಕೂ ಉಕ್ಕಿನ ಹಗ್ಗದ ಸುರುಳಿಗಳು, ಬಾಗಿಲಿನ ಗಾಲಿಗಳು, ಗ್ರೀಸ್ ಡಬ್ಬಗಳು. ನಡುವೆ ಒಂದು ಉದ್ದನೆಯ ಮೇಜು. ಅದರ ಮೇಲೆ ಅಂಚು ಸೀಳಿದ ಹಳದಿ ಹೆಲ್ಮೆಟ್ ಒಂದು ಅಂಗಾತ ಬಿದ್ದಿತ್ತು. ಗಡಿಯಾರದಲ್ಲಿ ಐದು ಗಂಟೆ ಹತ್ತು ನಿಮಿಷ.

“ಅಲ್ಲಾ ಮೇಡಂ, ಅಲ್ಲಿ ಮೇಸ್ತ್ರಿ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಇಲ್ಲಿ ನಾವು ಕುಡಿಯೋಕೆ ಎಲ್ಲಿಗೆ ಹೋಗೋಣ ಅಂತ ಚೀಟಿ ಬರೀಬೇಕಾ?”

ಕೇಳಿದವಳು ಫೋನಕ್ಕ. ಊರಿನಲ್ಲಿ ಯಾವ ಲಿಫ್ಟ್ ಎಲ್ಲಿ ಸಿಕ್ಕಿಕೊಂಡರೂ ಮೊದಲು ಕರೆ ಬರುವುದು ಅವಳಿಗೆ. ಲಿಫ್ಟಿನೊಳಗೆ ಸಿಕ್ಕಿ ಕಿರುಚುವವರನ್ನು ಸಮಾಧಾನಪಡಿಸಿ ಪಡಿಸಿ, ಮಾಮೂಲಿ ಮಾತನ್ನೂ ಅವಳು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಆಡುತ್ತಿದ್ದಳು.

“ಕುಡಿಯೋಕಲ್ಲ ತಾಯಿ. ಅವತ್ತು ಹೇಗೆ ಆರಿಸಿದ್ರಿ ಅಂತ ನೋಡ್ಬೇಕು. ಒಂದು ಕೂದಲೂ ಆಚೀಚೆ ಆಗ್ಬಾರ್ದು.”

ಐದು ದಿನದ ಹಿಂದೆ ಇದೇ ಹೆಲ್ಮೆಟ್ಟಿನಿಂದ ಎದ್ದ ಚೀಟಿ ಇವರನ್ನು ಹನ್ನೊಂದನೇ ಮಹಡಿಯ ತಾರಸಿ ಬಾರಿಗೆ ಕರೆದೊಯ್ದಿತ್ತು. ಅಲ್ಲಿ ಮೇಸ್ತ್ರಿ ಲಿಫ್ಟಿನ ಬಾವಿಗೆ ಬಿದ್ದು, ಎರಡು ಮಹಡಿ ಕೆಳಗೆ ನಿಂತಿದ್ದ ಲಿಫ್ಟಿನ ನೆತ್ತಿಗೆ ಅಪ್ಪಳಿಸಿದ್ದರು. ಬಾಗಿಲ ಬಳಿ ಸಿಕ್ಕಿದ ಕೀ ಭೂತಗನ್ನಡಿಯ ಸ್ವಂತ ತಮ್ಮನದು, ಇದೇ ಕಂಪನಿಯ ಕೆಲಸಗಾರನದು.

ಆ ತಮ್ಮ ಈಗ ಠಾಣೆಯಲ್ಲಿದ್ದ. ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಆದರೆ ಅವನ ಒಳ್ಳೆಯತನಕ್ಕೂ ಗಡಿಯಾರವಿತ್ತು. “ಆರು ಗಂಟೆವರೆಗೆ ಟೈಮ್ ಕೊಡ್ತೀನಿ ಮೇಡಂ. ಆಮೇಲೆ ಕೊಲೆ ಯತ್ನ ಅಂತ ಬರೀಲೇಬೇಕು. ಬರೆದ ಮೇಲೆ ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ” ಎಂದು ಖಡಾಖಂಡಿತವಾಗಿ ಹೇಳಿದ್ದ.

ಇಪ್ಪತ್ತೆರಡು ವರ್ಷ ವಿಮೆ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳೆದುಹೋಯಿತು ಎಂದವರ ಒಡವೆ ಎಲ್ಲವನ್ನೂ ಜಾಲಾಡಿದವಳು ಅವಳು. ಭೂತಗನ್ನಡಿ ಎಂಬ ಹೆಸರು ಅಲ್ಲಿಯೇ ಅಂಟಿಕೊಂಡದ್ದು. ಒಂದು ವರದಿಯಲ್ಲೂ ಸುಳ್ಳು ಬರೆದಿರಲಿಲ್ಲ. ಭಾವಮೈದುನನ ಅಂಗಡಿ ಸುಟ್ಟಾಗಲೂ ಬೆಂಕಿ ಹಚ್ಚಿದವನು ಅವನೇ ಎಂದು ಬರೆದು, ಗಂಡನ ಮನೆಯವರ ಮಾತು ಕಳೆದುಕೊಂಡವಳು. ಅಂಥವಳು ಇವತ್ತು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಳು.

ಅಪ್ಪ ಅಮ್ಮ ಹೋದಮೇಲೆ ಆ ತಮ್ಮನನ್ನು ಎತ್ತಿ ಆಡಿಸಿ, ಬೈದು, ಕಿವಿ ಹಿಂಡಿ ಸಾಕಿದವಳು ಅವಳೇ. ಬೆಳಿಗ್ಗೆ ಠಾಣೆಯಲ್ಲಿ ನೋಡಿದಾಗ ಅವನು ಕಂಬಿಯ ಹಿಂದೆ ಕಾಲು ನೀಡಿ ಕೂತಿದ್ದ.

“ಅಕ್ಕಾ, ಮೊಣಕಾಲಿಗೆ ಹಚ್ಚೋ ಮುಲಾಮು ತಂದುಕೊಡೇ. ಅವತ್ತು ಹನ್ನೊಂದು ಮಹಡಿ ಹತ್ತಿದಾಗಿಂದ ಹಿಡ್ಕೊಂಡುಬಿಟ್ಟಿದೆ.”

“ಲಿಫ್ಟ್ ರಿಪೇರಿಯವನು ಮೆಟ್ಟಿಲು ಹತ್ತಿದ್ಯಾ? ನಿನ್ನ ಕಂಪನಿಯವರು ಕೇಳಿದ್ರೆ ಕೆಲಸದಿಂದ ತೆಗೀತಾರೆ.”

“ಹೊಟ್ಟೆ ಕರಗ್ಲಿ ಅಂತ ಕಣೇ. ನೀನೇ ತಾನೇ ಡೊಳ್ಳು ಹೊಟ್ಟೆ ಅಂತ ಆಡ್ಕೊಳ್ಳೋದು.”

ಇಬ್ಬರೂ ನಕ್ಕಿದ್ದರು. ದಾರಿಯಲ್ಲಿ ಔಷಧಿ ಅಂಗಡಿಗೆ ಹೋಗಿ ಮುಲಾಮು ಕೊಂಡು, ವಾಸನೆ ಘಾಟೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿ, ಅವಳು ಚೀಲಕ್ಕೆ ಹಾಕಿಕೊಂಡಿದ್ದಳು. ಬಿಡಿಸಿಕೊಂಡು ಬಂದ ಮೇಲೆ ತಾನೇ ಹಚ್ಚಿದರಾಯಿತು ಎಂದುಕೊಂಡಿದ್ದಳು.

“ಬರೀರಪ್ಪಾ,” ಎಂದಳು ಮತ್ತೆ.

ಮೊದಲು ಪೆನ್ನು ಎತ್ತಿದವನು ಉದ್ದಣ್ಣ. ಬಾಗಿಲು ದಾಟುವಾಗ ತಲೆ ಬಗ್ಗಿಸುವ ಎತ್ತರದ ಆಳು. ತಮ್ಮನಿಗೆ ಸ್ಪ್ಯಾನರ್ ಹಿಡಿಯುವುದು ಕಲಿಸಿದ ಗುರು. ಭೂತಗನ್ನಡಿಯನ್ನು ತಂಗಿ ಎಂದೇ ಕರೆಯುತ್ತಿದ್ದ.

“ನಂದು ಯಾವತ್ತೂ ನೆಲಮಾಳಿಗೆ ಬಾರ್ ತಂಗಿ. ಹದಿನಾಲ್ಕು ಮೆಟ್ಟಿಲು ಇಳಿದ್ರೆ ಮುಗೀತು. ದಿನವೆಲ್ಲ ಮೇಲೆ ಹತ್ತೋನಿಗೆ ಸಂಜೆ ಹೊತ್ತಲ್ಲಾದ್ರೂ ಇಳಿಯೋ ಭಾಗ್ಯ ಬೇಡ್ವಾ?”

“ಅಲ್ಲಿ ಉಸಿರಾಡೋಕೆ ಗಾಳಿ ಇಲ್ಲ,” ಎಂದಳು ಫೋನಕ್ಕ, ತನ್ನ ಚೀಟಿಯನ್ನು ಕೈಯಿಂದ ಮರೆಮಾಡಿ ಬರೆಯುತ್ತ. “ನಾನು ಕುಡಿಯೋದು ನಿಂಬೆ ಸೋಡಾ. ಅದನ್ನ ಕೊಳದ ಪಕ್ಕದ ತೋಟದಲ್ಲಿ ಕೂತು ಕುಡೀತೀನಿ. ಅಲ್ಲಿ ಹಾಡೂ ಮೆಲ್ಲಗೆ, ಕುರ್ಚಿಗೂ ನಾಲ್ಕು ಕಾಲಿದೆ.”

ಮೂರನೆಯವನು ತಲೆ ಎತ್ತದೆ ಬರೆದ. ಅವನನ್ನು ಎಲ್ಲರೂ ಟೈ ಎಂದು ಕರೆಯುತ್ತಿದ್ದರು; ಗ್ರೀಸಿನ ಮನೆಯಲ್ಲಿ ಟೈ ಕಟ್ಟುವವನು ಅವನೊಬ್ಬನೇ. ಹೊಸ ಕಟ್ಟಡಗಳ ಮಾಲೀಕರ ಜೊತೆ ಮಾತಾಡಿ ಗುತ್ತಿಗೆ ತರುವುದು ಅವನ ಕೆಲಸ. ಸ್ಪ್ಯಾನರ್ ಯಾವ ತುದಿ ಹಿಡಿಯಬೇಕೆಂದು ಗೊತ್ತಿಲ್ಲದಿದ್ದರೂ, ಯಾವ ಬಾರಿನಲ್ಲಿ ದೀಪ ಎಷ್ಟು ಮಂಕು ಎಂದು ಕರಾರುವಾಕ್ಕಾಗಿ ಹೇಳಬಲ್ಲ.

ತಮ್ಮನ ಚೀಟಿಯನ್ನು ಭೂತಗನ್ನಡಿಯೇ ಬರೆದಳು: ಹಳೇ ಚಿತ್ರಮಂದಿರದ ಬಾರ್. ಪರದೆಯ ಮೇಲೆ ಮೂಕ ಚಿತ್ರ ಓಡುತ್ತಿರುತ್ತದೆ ಎಂದು ಅವನು ಪ್ರತಿ ತಿಂಗಳೂ ಅದನ್ನೇ ಬರೆಯುವುದು, ಪ್ರತಿ ತಿಂಗಳೂ ಸೋಲುವುದು. ಮೇಸ್ತ್ರಿಯ ಪಾಲಿಗೆ ಒಂದು ಖಾಲಿ ಚೀಟಿ.

“ಈಗ ನಿಮ್ಮ ಕಟ್ಟಳೆಗಳನ್ನ ಇನ್ನೊಂದು ಸಲ ಹೇಳಿ.”

ಉದ್ದಣ್ಣ ಬೆರಳು ಮಡಿಚಿದ. “ನಾವು ಕೈಯಿಟ್ಟ ಲಿಫ್ಟ್ ಇರೋ ಕಟ್ಟಡಕ್ಕೆ ಕುಡಿಯೋಕೆ ಹೋಗಲ್ಲ. ಹೋದ್ರೆ ಮಾಲೀಕ ಬಿಡಲ್ಲ ತಂಗಿ. ‘ಹೇಗೂ ಬಂದಿದ್ದೀರಲ್ಲ, ಆ ಕಿರ್ ಅನ್ನೋ ಶಬ್ದ ಏನು ನೋಡಿ’ ಅಂತಾನೆ. ಗ್ಲಾಸು ಕೆಳಗಿಟ್ಟು ಸ್ಕ್ರೂ ತಿರುಗಿಸ್ಬೇಕು.”

“ಆಮೇಲೆ?”

“ಕುಡಿಯೋಕೆ ಹೊರಟವರ ಜೇಬಲ್ಲಿ ಬಾಗಿಲು ಕೀ ಇರ್ಬಾರ್ದು. ಎಲ್ಲಾ ಅಲ್ಲಿ ನೇತು ಹಾಕ್ತೀವಿ.” ಗೋಡೆಯ ಮೇಲೆ ನಂಬರು ಬರೆದ ಕೊಕ್ಕೆಗಳಿದ್ದವು. ನಾಲ್ಕನೇ ಕೊಕ್ಕೆ ಖಾಲಿ. ಲಿಫ್ಟ್ ಆ ಮಹಡಿಯಲ್ಲಿ ಇಲ್ಲದಿದ್ದರೂ ಅದರ ಬಾಗಿಲನ್ನು ಹೊರಗಿನಿಂದ ತೆರೆಯುವ ಆ ಮೂರು ಮೂಲೆಯ ಕೀ ಈಗ ಠಾಣೆಯಲ್ಲಿತ್ತು. ಅದನ್ನು ಕೊಕ್ಕೆಗೆ ಹಾಕಿಯೇ ಹೋದೆ ಎಂದು ತಮ್ಮ ಆಣೆ ಹಾಕಿ ಹೇಳಿದ್ದ.

“ಮೂರನೇದು?”

“ಎದ್ದ ಚೀಟಿ ಬೋರ್ಡಿಗೆ ಚುಚ್ಚಬೇಕು. ಉಳಿದಿದ್ದು ಬಿಚ್ಚಬಾರ್ದು. ಯಾರ ಚೀಟಿ ಅಂತ ಕೇಳಬಾರ್ದು,” ಎಂದಳು ಫೋನಕ್ಕ. “ಒಂದು ಸಲ ಬಿಚ್ಚಿ ನೋಡಿ ಆದ ರಾದ್ಧಾಂತ ಅಷ್ಟಿಷ್ಟಲ್ಲ. ಈ ಮಹಾಶಯ ತನ್ನ ನೆಲಮಾಳಿಗೆಗೆ ಇನ್ನೊಂದು ಓಟೂ ಬೀಳಲಿಲ್ಲ ಅಂತ ಎರಡು ತಿಂಗಳು ನಮ್ಮ ಜೊತೆ ಮಾತು ಬಿಟ್ಟಿದ್ದ.”

“ಎರಡಲ್ಲ, ಒಂದೂವರೆ,” ಎಂದ ಉದ್ದಣ್ಣ.

“ಸರಿ. ಮಡಚಿ ಹಾಕಿ.”

ಭೂತಗನ್ನಡಿ ಮೈಯೆಲ್ಲ ಕಣ್ಣಾಗಿ ನೋಡಿದಳು. ಉದ್ದಣ್ಣ ಚೀಟಿಯನ್ನು ಎರಡು ಬೆರಳಲ್ಲಿ ಹೊಸೆದು ಸುರುಳಿ ಮಾಡಿದ. ಫೋನಕ್ಕ ನಾಲ್ಕು ಮಡಿಕೆ ಮಾಡಿ, ಪ್ರತಿ ಮಡಿಕೆಗೂ ಉಗುರಿನಿಂದ ಇಸ್ತ್ರಿ ಮಾಡಿದಳು. ಟೈ ಒಂದೇ ಒಂದು ಸಲ, ನೇರ ನಡುವಿಗೆ, ಪುಸ್ತಕ ಮುಚ್ಚಿದ ಹಾಗೆ ಮಡಚಿದ.

ಅವಳು ನಿಟ್ಟುಸಿರು ಬಿಟ್ಟಳು. ಹಾಗಾದರೆ ಸರಿ.

“ಆಮೇಲೆ ಏನಾಯ್ತು? ಹೆಲ್ಮೆಟ್ ಯಾರು ಕುಲುಕಿದ್ದು?”

“ಯಾವತ್ತೂ ಟೈನೇ. ಕೈಗೆ ಗ್ರೀಸ್ ಇರಲ್ಲ ನೋಡಿ. ಆಮೇಲೆ ಮೇಸ್ತ್ರಿ ಎತ್ತಿದ್ರು,” ಎಂದಳು ಫೋನಕ್ಕ. ತಡೆದಳು. ಅವಳ ಹುಬ್ಬು ಗಂಟಾಯಿತು. “ಇಲ್ಲ, ಇರಿ. ನಡುವೆ ಟೈಗೆ ಫೋನ್ ಬಂತು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡೇ ಆಚೆ ಹೋಗಿ ಮಾತಾಡಿ ಬಂದ.”

“ಫೋನ್ ರಿಂಗ್ ಆಯ್ತಾ?”

ಫೋನಕ್ಕ ಕಿವಿ ಮುಟ್ಟಿಕೊಂಡಳು. “ನನಗಂತೂ ಕೇಳಿಸ್ಲಿಲ್ಲ. ಅಯ್ಯೋ, ನನ್ನ ಕಿವಿ ತಪ್ಪಿಸಿ ಈ ಕೋಣೇಲಿ ಒಂದು ಫೋನ್ ರಿಂಗ್ ಆಗೋದುಂಟಾ?”

ಟೈ ನಕ್ಕ. ನಗು ಅರ್ಧಕ್ಕೇ ನಿಂತಿತು. “ಸೈಲೆಂಟ್‌ನಲ್ಲಿತ್ತು.”

ಭೂತಗನ್ನಡಿ ಎದ್ದು ಬೋರ್ಡಿನ ಬಳಿ ಹೋದಳು. ಅಂದು ಎದ್ದ ಚೀಟಿ ಇನ್ನೂ ಅಲ್ಲೇ ಗುಂಡುಪಿನ್ನಿನಲ್ಲಿ ನೇತಾಡುತ್ತಿತ್ತು. ಅದನ್ನು ಕಿತ್ತು ತಂದು ಮೇಜಿನ ಮೇಲಿಟ್ಟಳು. ತಾರಸಿ ಬಾರ್, ಹನ್ನೊಂದನೇ ಮಹಡಿ.

“ಉದ್ದಣ್ಣ, ಇದು ನಿಂದಾ?”

“ಸತ್ರೂ ಅಲ್ಲ.”

“ಫೋನಕ್ಕ?”

“ಅಷ್ಟೆತ್ತರ ಕೂತ್ರೆ ನನಗೆ ತಲೆ ಸುತ್ತುತ್ತೆ.”

“ನನ್ನ ತಮ್ಮನದೂ ಅಲ್ಲ, ಅವನು ಚಿತ್ರಮಂದಿರ ಬಿಟ್ಟು ಬೇರೆ ಬರೆದವನಲ್ಲ. ಹಾಗಾದ್ರೆ ಯಾರದು ಅಂತ ನೀವ್ಯಾರೂ ಕೇಳ್ಕೊಳ್ಳಲೇ ಇಲ್ಲ. ಯಾಕೆ ಅಂದ್ರೆ ಕೇಳಬಾರ್ದು ಅಂತ ಕಟ್ಟಳೆ.”

ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಮುಲಾಮಿನ ಟ್ಯೂಬ್ ಅದರ ಜೊತೆಗೇ ಹೊರಬಂತು. ಅದನ್ನು ಒಳಕ್ಕೆ ತಳ್ಳಿದಳು. ಕವರಿನೊಳಗೆ ಎಣ್ಣೆ ಕುಡಿದು ಕಪ್ಪಾದ ನಾಲ್ಕು ಚೀಟಿಗಳಿದ್ದವು.

“ಕೈ ಒರೆಸಿದ ಹತ್ತಿ ಹಾಕ್ತೀರಲ್ಲ, ಆ ಡ್ರಮ್ಮಿನ ತಳದಲ್ಲಿತ್ತು. ಮಧ್ಯಾಹ್ನವೆಲ್ಲ ಅದರೊಳಗೆ ತಲೆ ಹಾಕಿ ಹುಡುಕಿದ್ದೀನಿ. ನನ್ನ ಸೀರೆಯ ಗತಿ ನೋಡಿ.”

ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಹರಡಿದಳು. ತಾರಸಿ ಬಾರ್. ತಾರಸಿ ಬಾರ್. ತಾರಸಿ ಬಾರ್. ತಾರಸಿ ಬಾರ್.

ಉದ್ದಣ್ಣನ ಕುರ್ಚಿ ಕಿರ್ ಎಂದಿತು.

“ಐದಕ್ಕೆ ಐದೂ ಒಂದೇ. ಒಂದರಲ್ಲೂ ಸುರುಳಿ ಇಲ್ಲ, ಉಗುರಿನ ಗೀರಿಲ್ಲ. ಎಲ್ಲಾ ಒಂದೇ ಸಲ ನಡುವಿಗೆ ಮಡಚಿದ್ದು. ನೀವು ಬರೆಯೋದು ತೆಳ್ಳನೆ ಗುಲಾಬಿ ಹಾಳೆ. ಇದು ದಪ್ಪ ಬಿಳಿ ಹಾಳೆ, ಅಂಚಲ್ಲಿ ತೂತುಗಳ ಸಾಲು. ಗುತ್ತಿಗೆ ಬರೆಸಿಕೊಳ್ಳೋ ಪುಸ್ತಕದ್ದು. ಆ ಪುಸ್ತಕ ಯಾರ ಹತ್ರ ಇರುತ್ತೆ?”

ಫೋನಕ್ಕ, ಉದ್ದಣ್ಣ ಇಬ್ಬರೂ ಟೈ ಕಡೆ ತಿರುಗಿದರು.

ಟೈ ತನ್ನ ಟೈಯನ್ನು ಸಡಿಲ ಮಾಡಿಕೊಂಡ. “ಮೇಡಂ, ನೀವು ಅಂದ್ಕೊಂಡಿರೋ ಹಾಗಲ್ಲ.”

“ನಾನೇನೂ ಅಂದ್ಕೊಂಡಿಲ್ಲ. ನಾನು ಕೇಳ್ತಿದ್ದೀನಿ. ಅಲ್ಲಿ ನನ್ನ ತಮ್ಮ ಮಾಡದ ತಪ್ಪಿಗೆ ಕಂಬಿ ಹಿಂದೆ ಕೂತಿದ್ದಾನೆ. ಚೀಟಿ ತಾನಾಗೇ ಎದ್ದಿದ್ದು, ಜಾಗ ತಾನಾಗೇ ಬಂದಿದ್ದು, ಸಿಕ್ಕಿದ ಅವಕಾಶ ಬಳಸ್ಕೊಂಡು ಇವನು ಮೇಸ್ತ್ರೀನ ತಳ್ಳಿದ ಅಂತ ಪೊಲೀಸರು ಹೇಳ್ತಿದ್ದಾರೆ. ನೀವು ಐದು ದಿನದಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರಿ. ಆ ಜಾಗ ಆರಿಸಿದ್ದು ನೀವು. ಯಾಕೆ?”

“ನಾನಲ್ಲ.”

“ಚೀಟಿ ನಿಮ್ಮದು, ಮಡಿಕೆ ನಿಮ್ಮದು, ಪುಸ್ತಕ ನಿಮ್ಮದು!”

“ಬರೆದಿದ್ದು ನಾನು. ಆರಿಸಿದ್ದು ನಾನಲ್ಲ.” ಟೈ ಕಣ್ಣು ಮುಚ್ಚಿ ತೆರೆದ. “ಮೇಸ್ತ್ರಿ ಆರಿಸಿದ್ದು.”

ಉದ್ದಣ್ಣ ಟೈ ಕಡೆ ಬಾಗಿದ.

“ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದುಹೋಗುತ್ತೆ,” ಎಂದಳು ಫೋನಕ್ಕ. ಈ ಸಲ ಅವಳ ಮಾತು ನಿಧಾನವಾಗಿರಲಿಲ್ಲ.

“ಬೀಳ್ಲಿ. ಆದ್ರೆ ಇದು ನಿಜ.” ಟೈ ತನ್ನ ಮೊಬೈಲ್ ತೆಗೆದು, ಒಂದು ಚಿತ್ರ ಹುಡುಕಿ ಮೇಜಿನ ನಡುವೆ ತಳ್ಳಿದ. “ಮೇಸ್ತ್ರಿ ಕಳಿಸಿದ್ದು. ಆ ಸಂಜೆಗೆ ಮೂರು ದಿನ ಮೊದಲು.”

ಚಿತ್ರದಲ್ಲಿ ಲಿಫ್ಟಿನ ಯಂತ್ರ, ಅದರಿಂದ ಇಳಿದ ನಾಲ್ಕು ಉಕ್ಕಿನ ಹಗ್ಗ. ಒಂದು ಹಗ್ಗದ ತುದಿಯಲ್ಲಿ ಹೆಬ್ಬೆರಳಗಲ ಕೆಂಪು ಬಣ್ಣ.

ಉದ್ದಣ್ಣ ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡ. “ಇದು ನಮ್ಮ ಸವೆದ ಹಗ್ಗ.”

“ಹೇಗೆ ಗೊತ್ತಾಯ್ತು?” ಕೇಳಿದಳು ಭೂತಗನ್ನಡಿ.

“ಸವೆದ ಹಗ್ಗ ಬಿಚ್ಚಿದ ತಕ್ಷಣ ಮೇಸ್ತ್ರಿ ತುದಿಗೆ ಕೆಂಪು ಬಳೀತಾರೆ. ಮತ್ತೆ ಯಾರೂ ಅಪ್ಪಿತಪ್ಪಿ ಹಾಕ್ಬಾರ್ದು ಅಂತ. ಈ ಊರಲ್ಲಿ ಬೇರೆ ಯಾರೂ ಹಾಗೆ ಮಾಡಲ್ಲ.”

“ಮೇಸ್ತ್ರಿ ಯಾರದೋ ಹುಟ್ಟುಹಬ್ಬಕ್ಕೆ ಆ ತಾರಸಿ ಬಾರಿಗೆ ಹೋಗಿದ್ರಂತೆ,” ಎಂದ ಟೈ. ಈಗ ಅವನ ಮಾತು ತಡೆಯಿಲ್ಲದೆ ಬರುತ್ತಿತ್ತು. “ಲಿಫ್ಟಿನ ಸದ್ದು ಕೇಳಿ ಅನುಮಾನ ಬಂತು. ಮೇಲೆ ಹೋಗಿ ನೋಡಿದ್ರೆ ಇದು. ಆ ಕಟ್ಟಡ ನಮ್ಮ ಗುತ್ತಿಗೇಲಿಲ್ಲ. ಅಂದ್ರೆ ನಮ್ಮಲ್ಲೇ ಯಾರೋ ನಮ್ಮ ಗುಜರಿ ಕೋಣೆಯಿಂದ ಹಗ್ಗ ಕದ್ದು, ಕಂಪನಿಗೆ ಗೊತ್ತಾಗದ ಹಾಗೆ ಅಲ್ಲಿ ಕಳ್ಳ ಕೆಲಸ ಮಾಡಿದ್ದಾರೆ. ಜನ ಓಡಾಡೋ ಲಿಫ್ಟ್ ಮೇಡಂ. ಮಕ್ಕಳು ಮರಿ ಹೋಗ್ತಾರೆ. ಮೇಸ್ತ್ರಿ ಅವತ್ತು ಕುದ್ದುಹೋಗಿದ್ರು.”

“ಕರೆದು ಕೇಳಬಹುದಿತ್ತಲ್ಲ?”

“ಕೇಳಿದ್ರೆ ಯಾರು ಒಪ್ಪಿಕೊಳ್ತಾರೆ? ಅದಕ್ಕೇ ಈ ಉಪಾಯ ಮಾಡಿದ್ರು. ‘ನಾಲ್ಕು ಹಗ್ಗದಲ್ಲಿ ಒಂದು ಹಳೇದು ಅಷ್ಟೇ. ನಾವು ನಾಲ್ಕೈದು ಜನ ಹತ್ತಿದ್ರೆ ಬೀಳಲ್ಲ. ಆದ್ರೆ ಹಾಕಿದವನಿಗೆ ಹತ್ತೋ ಧೈರ್ಯ ಬರಲ್ಲ. ಎಲ್ಲರನ್ನೂ ಅಲ್ಲಿಗೇ ಕುಡಿಯೋಕೆ ಕರ್ಕೊಂಡು ಹೋಗ್ತೀನಿ. ಕೆಳಗೆ ಬಾಗಿಲ ಹತ್ರ ಮೂಲೇಲಿ ಕೂತು ನೋಡ್ತೀನಿ. ಲಿಫ್ಟ್ ಬಿಟ್ಟು ಯಾರು ಮೆಟ್ಟಿಲು ಹತ್ತುತ್ತಾನೋ, ಅವನೇ ಕಳ್ಳ’ ಅಂದ್ರು.”

ಮೆಟ್ಟಿಲು, ಎಂದುಕೊಂಡಳು ಭೂತಗನ್ನಡಿ.

ಅವಳು ಅಲುಗಾಡಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಮುಖವನ್ನು ಹಿಡಿದು ನಿಲ್ಲಿಸಿತು. ಆದರೆ ಬೆಳಗಿನ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಅಕ್ಕಾ, ಮೊಣಕಾಲಿಗೆ ಹಚ್ಚೋ ಮುಲಾಮು ತಂದುಕೊಡೇ.

“ನಿಮಗೆ ಯಾಕೆ ಹೇಳಿದ್ರು?” ಧ್ವನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

“ನನಗೂ ಫೋನಕ್ಕನಿಗೂ ಹಗ್ಗ ಹಾಕೋಕೆ ಬರಲ್ಲ. ಉಳಿದಿದ್ದು ಇಬ್ಬರೇ. ಉದ್ದಣ್ಣ, ನಿಮ್ಮ ತಮ್ಮ. ಮೇಸ್ತ್ರಿಗೆ ಇಬ್ಬರೂ ಮಕ್ಕಳಿದ್ದ ಹಾಗೆ. ‘ಇಬ್ಬರೂ ಲಿಫ್ಟ್ ಹತ್ತಿಬಿಟ್ಟರೆ ನನಗಿಂತ ಸುಖಿ ಯಾರೂ ಇಲ್ಲ ಕಣೋ’ ಅಂದಿದ್ರು. ಏಳೂಕಾಲಿಗೆ ಮೇಲೆ ಬಂದು ಕೂತ್ರು. ನನ್ನ ಕಡೆ ನೋಡಿ ಒಂದು ಸಲ ತಲೆ ಆಡಿಸಿದ್ರು. ಸಿಕ್ಕಿದ, ಅನ್ನೋ ಹಾಗೆ. ಮುಖ ಸತ್ತುಹೋಗಿತ್ತು. ಯಾರು ಅಂತ ಹೇಳೋ ಮೊದಲೇ ಎದ್ದು ಆಚೆ ಹೋದ್ರು. ಆಗ ಉದ್ದಣ್ಣನೂ ನಿಮ್ಮ ತಮ್ಮನೂ ಇಬ್ಬರೂ ಮೇಜಿನ ಹತ್ರ ಇರಲಿಲ್ಲ.” ಟೈ ಗಂಟಲು ಸರಿಮಾಡಿಕೊಂಡ. “ಆಮೇಲೆ ಚೀಟಿ ಬದಲಾಯಿಸಿದ್ದು ನಾನು ಅಂತ ಹೇಳಿದ್ರೆ ಪೊಲೀಸರು ನನ್ನನ್ನೇ ಹಿಡೀತಾರೆ ಅಂತ ಹೆದರಿಕೆ. ಹೇಡಿ ಅಂತ ಬೇಕಾದ್ರೆ ಬೈಯಿರಿ.”

ಮೂವತ್ತು ವರ್ಷ ಲಿಫ್ಟಿನ ಜೊತೆ ಬಾಳಿದ ಮನುಷ್ಯ ಖಾಲಿ ಬಾವಿಗೆ ಕಾಲಿಟ್ಟದ್ದು ಹೇಗೆ ಎಂದು ಅವಳು ಐದು ದಿನ ತಲೆ ಕೆಡಿಸಿಕೊಂಡಿದ್ದಳು. ಈಗ ಕಣ್ಣ ಮುಂದೆ ಬಂತು. ಮೇಸ್ತ್ರಿ ಆ ಒಬ್ಬನನ್ನು ಕರೆದು, ಬಾಗಿಲು ತೆರೆಸಿ, ನೋಡು ನಿನ್ನ ಕೆಲಸ ಎಂದು ಹಗ್ಗ ತೋರಿಸಿದ್ದಾರೆ. ಬಗ್ಗಿ ನಿಂತ ಬೆನ್ನು. ಒಂದು ಕೈ ಸಾಕು.

“ಅವತ್ತು ಯಾರು ಯಾರು ಹೇಗೆ ಹೇಗೆ ಮೇಲೆ ಹೋದ್ರಿ?” ಕೇಳಲೇಬೇಕಾಗಿತ್ತು. ಕೇಳಿದಳು.

“ನಾನೂ ಟೈನೂ ಒಟ್ಟಿಗೆ, ಲಿಫ್ಟಲ್ಲಿ,” ಎಂದಳು ಫೋನಕ್ಕ. “ಉದ್ದಣ್ಣ ನಮಗಿಂತ ಮೊದಲೇ ಹೋಗಿ ಜಾಗ ಹಿಡಿದಿದ್ದ. ನಿಮ್ಮ ತಮ್ಮ ನಮ್ಮ ಹಿಂದೆ, ಹತ್ತು ನಿಮಿಷ ಬಿಟ್ಟು ಬಂದ.”

“ನಾನು ಲಿಫ್ಟಲ್ಲೇ ಹೋದೆ!” ಉದ್ದಣ್ಣ ಎದ್ದು ನಿಂತ. ತಲೆ ಮೇಲಿನ ದೀಪಕ್ಕೆ ತಗುಲಿ, ನೆರಳುಗಳೆಲ್ಲ ತೂಗಾಡಿದವು. “ಒಬ್ಬನೇ ಇದ್ದೆ, ಯಾರೂ ನೋಡ್ಲಿಲ್ಲ. ಆದ್ರೆ ಲಿಫ್ಟಲ್ಲೇ ಹೋದೆ. ನನ್ನ ಮಗಳಾಣೆ. ಅವಳ ಹೆರಿಗೆ ಇವತ್ತೋ ನಾಳೆಯೋ ಅನ್ನೋ ಹಾಗಿದೆ, ಅವಳ ಮೇಲೆ ಸುಳ್ಳು ಆಣೆ ಹಾಕ್ತೀನಾ ತಂಗೀ?”

“ಕೂತ್ಕೋ ಉದ್ದಣ್ಣ.”

ಅವನು ಕೂರುವ ಮೊದಲೇ ಹೊರಗೆ ಜೀಪು ನಿಂತ ಸದ್ದು ಕೇಳಿತು. ಆರಕ್ಕೆ ಇನ್ನೂ ಎಂಟು ನಿಮಿಷವಿತ್ತು.

ಇನ್ಸ್‌ಪೆಕ್ಟರ್ ಕಂಕುಳಲ್ಲಿ ಫೈಲು ಇಟ್ಟುಕೊಂಡು ಒಳಗೆ ಬಂದ. ಮೇಜಿನ ಮೇಲಿನ ಚೀಟಿಗಳನ್ನೂ, ನಾಲ್ಕು ಮುಖಗಳನ್ನೂ ನೋಡಿದ. “ಏನೋ ಸಿಕ್ಕಿರೋ ಹಾಗಿದೆ.”

ಭೂತಗನ್ನಡಿ ಹೇಳುವುದಕ್ಕೆ ಮುಂಚೆ ಟೈ ಎಲ್ಲವನ್ನೂ ಹೇಳಿಬಿಟ್ಟ. ಐದು ದಿನ ಕಟ್ಟಿಕೊಂಡಿದ್ದದ್ದು ಒಮ್ಮೆಲೇ ಬಂತು: ಕೆಂಪು ತುದಿಯ ಹಗ್ಗ, ಬದಲಾದ ಚೀಟಿ, ಮೆಟ್ಟಿಲಿನ ಪರೀಕ್ಷೆ. ಇನ್ಸ್‌ಪೆಕ್ಟರ್ ಮೊಬೈಲಿನ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿದ.

“ಭಲೇ ಮೇಸ್ತ್ರಿ,” ಎಂದ. “ಹಾಗಾದ್ರೆ ಇದು ಸುಲಭ. ಇಬ್ಬರಲ್ಲಿ ಮೆಟ್ಟಿಲು ಹತ್ತಿದವನು ಯಾರು ಅಂತ ಗೊತ್ತಾದ್ರೆ ಸಾಕು.”

ಅವನು ಫೈಲು ಬಿಚ್ಚಿದ. ಹಾಳೆ ತಿರುವಿದ. ಒಂದು ಕಡೆ ಬೆರಳಿಟ್ಟು ನಿಂತ.

“ಇಲ್ಲಿದೆ ನೋಡಿ. ನಿಮ್ಮ ತಮ್ಮ ನಿನ್ನೆಯೇ ಬರೆದುಕೊಟ್ಟಿದ್ದಾನೆ. ‘ನಾನು ಸಂಜೆ ಆರು ಐವತ್ತಕ್ಕೆ ಕಟ್ಟಡಕ್ಕೆ ಬಂದು, ಲಿಫ್ಟಿನಲ್ಲಿ ಹನ್ನೊಂದನೇ ಮಹಡಿಗೆ ಹೋದೆ.’ ಕೆಳಗೆ ಸಹಿ. ಕೀಯನ್ನ ಕೊಕ್ಕೆಯಿಂದ ಯಾರು ಬೇಕಾದ್ರೂ ಎತ್ಕೊಂಡಿರಬಹುದು. ಆದ್ರೆ ಇದು ಈ ಪರೀಕ್ಷೆಯ ವಿಷಯ ನಮಗ್ಯಾರಿಗೂ ಗೊತ್ತಿಲ್ಲದಾಗ ಬರೆದಿದ್ದು. ಸುಮ್ಮನೆ ಸುಳ್ಳು ಯಾಕೆ ಬರೀತಾನೆ?”

ಯಾಕೆ ಬರೆದ? ಅವಳ ತಲೆಯೊಳಗೂ ಅದೇ ಪ್ರಶ್ನೆ ಸುತ್ತುತ್ತಿತ್ತು. ಅಕ್ಕನಿಗೆ ಮೆಟ್ಟಿಲು ಎಂದವನು ಪೊಲೀಸರಿಗೆ ಲಿಫ್ಟ್ ಎಂದು ಯಾಕೆ ಬರೆದುಕೊಟ್ಟ?

“ಒಂದೇ ಒಂದು ಮಾತು ಮೇಡಂ,” ಎಂದ ಇನ್ಸ್‌ಪೆಕ್ಟರ್, ಪೆನ್ನಿನ ಮುಚ್ಚಳ ತೆಗೆಯುತ್ತ. “ಬೆಳಿಗ್ಗೆ ನೀವು ಅವನ ಹತ್ರ ಮಾತಾಡಿದ್ರಿ. ಇದಕ್ಕಿಂತ ಬೇರೆ ಏನಾದ್ರೂ ಹೇಳಿದ್ನಾ? ನೀವು ಸುಳ್ಳು ಹೇಳೋರಲ್ಲ ಅಂತ ಇಡೀ ಊರಿಗೇ ಗೊತ್ತು. ಇಲ್ಲ ಅಂದ್ರೆ ಇಲ್ಲ ಅಂತ ಬರ್ಕೊಂಡು, ಇವತ್ತೇ ಮನೆಗೆ ಕಳಿಸ್ತೀನಿ.”

ಅವಳ ಕೈ ಚೀಲದೊಳಗಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ. ಬೆರಳುಗಳು ಮುಲಾಮಿನ ಟ್ಯೂಬನ್ನು ಹಿಡಿದಿದ್ದವು.

ಮೊದಲ ದಿನ ಶಾಲೆಗೆ ಬಿಟ್ಟು ಬರುವಾಗ ಅವಳ ಸೆರಗು ಬಿಡದೆ ಅತ್ತವನು. ಮೊದಲ ಸಂಬಳದಲ್ಲಿ ಅವಳಿಗೆ ಕನ್ನಡಕ ಮಾಡಿಸಿದವನು. ಅವನು ತಳ್ಳಿರಲಾರ. ಮೆಟ್ಟಿಲು ಹತ್ತಿದವರೆಲ್ಲ ಕೊಲೆಗಾರರೇ? ನಿಜವಾಗಿ ಹೊಟ್ಟೆ ಕರಗಲಿ ಎಂದೇ ಹತ್ತಿರಬಹುದಲ್ಲ?

“ಇಲ್ಲ,” ಎಂದಳು ಭೂತಗನ್ನಡಿ. “ಬೇರೆ ಏನೂ ಹೇಳಲಿಲ್ಲ.”

ಇನ್ಸ್‌ಪೆಕ್ಟರ್ ಬರೆದುಕೊಂಡ. ಪೆನ್ನು ಮುಚ್ಚಿ ಜೇಬಿಗಿಟ್ಟ. ಆಮೇಲೆ ನಿಧಾನವಾಗಿ ಉದ್ದಣ್ಣನ ಕಡೆ ತಿರುಗಿದ.

“ಹಾಗಾದ್ರೆ ಉಳಿದವರು ನೀವೊಬ್ಬರೇ. ಏಳಿ, ಜೀಪು ಹತ್ತಿ.”

“ಸಾರ್, ನಾನು ಲಿಫ್ಟಲ್ಲೇ...” ಉದ್ದಣ್ಣ ಮೇಜಿನ ಅಂಚು ಹಿಡಿದ. ಅಷ್ಟೆತ್ತರದ ಮನುಷ್ಯ ಒಂದೇ ಕ್ಷಣದಲ್ಲಿ ಗಿಡ್ಡನಾದಂತೆ ಕಂಡ. ಅವನು ಇನ್ಸ್‌ಪೆಕ್ಟರನ್ನು ನೋಡಲಿಲ್ಲ, ಅವಳನ್ನೇ ನೋಡಿದ. “ತಂಗೀ, ನೀನು ಹೇಳಮ್ಮ. ನೀನು ಹೇಳಿದ್ರೆ ನಂಬ್ತಾರೆ. ನನ್ನ ಮಗಳು ಆಸ್ಪತ್ರೇಲಿದ್ದಾಳೆ ಕಣಮ್ಮ. ನೀನಾದ್ರೂ ಹೇಳು.”

ಚೀಲದೊಳಗೆ ಅವಳ ಮುಷ್ಟಿ ಬಿಗಿಯಿತು. ಅಂಗಡಿಯಲ್ಲಿ ಸರಿಯಾಗಿ ಹಾಕದ ಮುಚ್ಚಳ ಕಳಚಿತು, ತಣ್ಣನೆಯ ಮುಲಾಮು ಬೆರಳ ಸಂದಿಗಳಲ್ಲಿ ಉಕ್ಕಿತು. ಗ್ರೀಸಿನ ವಾಸನೆಯನ್ನೂ ಮೀರಿ ಕರ್ಪೂರದ ಘಾಟು ಕೋಣೆಯ ತುಂಬ ಹರಡಿತು.

ಬಾಗಿಲವರೆಗೆ ಹೋಗಿದ್ದ ಇನ್ಸ್‌ಪೆಕ್ಟರ್ ನಿಂತ. ಮೂಗೆಳೆದ. ತಿರುಗಿದ.

“ನನ್ನ ಅಮ್ಮನೂ ದಿನಾ ಹಚ್ಚೋದು ಇದೇ,” ಎಂದ. ಅವನ ಕಣ್ಣು ಅವಳ ಚೀಲದ ಮೇಲಿತ್ತು. “ಯಾರಿಗೆ ಮೇಡಂ, ಮೊಣಕಾಲು ನೋವು?”